ಸೇಶ್ವರ ಸಾಂಖ್ಯ ದರ್ಶನ ಮತ್ತು ಆಧುನಿಕ ವಿಜ್ಞಾನ – ಒಬ್ಬ ವ್ಯಾಪಾರಿಯ ಚಿಂತನೆ



ನಮ್ಮ ದೇವಾಲಯದ ವಾರ್ಷಿಕೋತ್ಸವದ ಸಂಚಿಕೆಗೆ ಪ್ರತಿವರ್ಷ ಟ್ರಸ್ಟಿನ ಸದಸ್ಯರೊಬ್ಬರು ತತ್ತ್ವವಿಚಾರದ ಲೇಖನವೊಂದನ್ನು ಬರೆಯುವ ಪದ್ಧತಿಯಿದೆ. ಈ ಸಲ ಆ ಭಾರವು ನನ್ನ ಪಾಲಿಗೆ ಬಂದಿದೆ. ನಾನು ಪಂಡಿತನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿದೊಡನೆ ತಂದೆಯವರ ಅಂಗಡಿಯಲ್ಲಿ ಕುಳಿತವನು. ಹೊಸೂರಿನ ಪೇಟೆಯಲ್ಲಿ ರಾಗಿ, ಹುಣಸೆಹಣ್ಣು, ಬೆಲ್ಲಗಳ ವ್ಯಾಪಾರ ಮಾಡುತ್ತಾ ನಲವತ್ತು ವರ್ಷಗಳಿಗೂ ಮಿಕ್ಕಿ ತಕ್ಕಡಿ ಹಿಡಿದವನು. ಆದುದರಿಂದ ಈ ಬರಹದಲ್ಲಿ ವಿದ್ವತ್ತನ್ನು ಹುಡುಕದೆ, ಹಿರಿಯನೊಬ್ಬನು ತನಗೆ ತಿಳಿದಷ್ಟನ್ನು ಮನೆಯವರೆದುರು ಹೇಳಿಕೊಳ್ಳುತ್ತಿದ್ದಾನೆಂದು ಭಾವಿಸಿ ಓದಬೇಕಾಗಿ ವಿನಂತಿ.

ನಮ್ಮ ಹೊಸೂರು–ಕೃಷ್ಣಗಿರಿ ಪ್ರಾಂತದ ಕುಟುಂಬಗಳಲ್ಲಿ ಮನೆಯ ಭಾಷೆ ಒಂದಾದರೆ ಅಂಗಡಿಯ ಭಾಷೆ ಇನ್ನೊಂದು, ಮಕ್ಕಳ ಶಾಲೆಯ ಭಾಷೆ ಮತ್ತೊಂದು. ಕನ್ನಡ, ತಮಿಳು, ತೆಲುಗು, ಮಾರವಾಡಿ, ಗುಜರಾತಿ ಎಲ್ಲವೂ ನಮ್ಮ ಊಟದ ಪಂಕ್ತಿಯಲ್ಲಿ ಕೇಳಿಬರುತ್ತವೆ. ಆದರೆ ಸತ್ತ್ವ, ರಜಸ್ಸು, ತಮಸ್ಸು, ಪ್ರಕೃತಿ, ಪುರುಷ ಎಂಬ ಪದಗಳನ್ನು ಹೇಳಿದರೆ ಯಾವ ಭಾಷೆಯವರಿಗೂ ಅನುವಾದ ಬೇಕಾಗುವುದಿಲ್ಲ. ಈ ಪದಗಳು ಸಾಂಖ್ಯ ದರ್ಶನವು ಭಾರತಕ್ಕೆಲ್ಲ ಕೊಟ್ಟ ಸಂಪತ್ತು. ನೆರೆಯ ಹಿಂದೂ ಬಂಧುಗಳ ಈ ದರ್ಶನವನ್ನೇ ನಾನು ಆರಿಸಿಕೊಂಡುದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಮಾಡಿದ ತಪ್ಪು

ಸುಮಾರು ಆರು ವರ್ಷಗಳ ಹಿಂದೆ ಉತ್ಸವದ ಸಂದರ್ಭದಲ್ಲಿ ಮಕ್ಕಳ ಸಂಜೆಯ ತರಗತಿಯಲ್ಲಿ ಎರಡು ಮಾತು ಆಡುವಂತೆ ನನ್ನನ್ನು ಕೇಳಿದರು. ಯಾವುದೋ ಕಿರುಹೊತ್ತಗೆಯಲ್ಲಿ ಓದಿದ್ದ ಒಂದು ಸಂಗತಿ ನನ್ನ ಮನಸ್ಸನ್ನು ಹಿಡಿದಿತ್ತು. ಸಾಂಖ್ಯದ ತ್ರಿಗುಣಗಳೇ ಇಂದಿನ ವಿಜ್ಞಾನದ ಪ್ರೋಟಾನ್, ಎಲೆಕ್ಟ್ರಾನ್ ಮತ್ತು ನ್ಯೂಟ್ರಾನ್. ನಮ್ಮ ಋಷಿಗಳು ಸಾವಿರಾರು ವರ್ಷಗಳ ಹಿಂದೆಯೇ ಪರಮಾಣುವಿನ ಒಳಗನ್ನು ಕಂಡಿದ್ದರು ಎಂದು ಬಹಳ ಹುರುಪಿನಿಂದ ಹೇಳಿದೆ. ಹಿರಿಯರೆಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಪ್ಲಸ್ ಟು ಓದುತ್ತಿದ್ದ ನಮ್ಮ ಸಮಾಜದ ಹುಡುಗಿಯೊಬ್ಬಳು ಎದ್ದು ನಿಂತು, ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ವಿನಯದಿಂದಲೇ ಕೇಳಿದಳು: “ತಾತಾ, ನ್ಯೂಟ್ರಾನ್ ಪರಮಾಣುವಿನ ಗರ್ಭದಿಂದ ಹೊರಗೆ ಬಂದರೆ ಸುಮಾರು ಕಾಲು ಗಂಟೆಯಲ್ಲಿ ಒಡೆದು ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಆಗುತ್ತದೆಂದು ನಮ್ಮ ಪಾಠದಲ್ಲಿದೆ. ಹಾಗಾದರೆ ತಮೋಗುಣ ಕಾಲು ಗಂಟೆಯಲ್ಲಿ ಸತ್ತ್ವವೂ ರಜಸ್ಸೂ ಆಗಿಬಿಡುತ್ತದೆಯೇ? ಅದರ ಜೊತೆಗೆ ನ್ಯೂಟ್ರಿನೋ ಜಾತಿಯ ಒಂದು ಕಣವೂ ಹೊರಗೆ ಬರುತ್ತದೆ. ಆ ನಾಲ್ಕನೆಯದು ಯಾವ ಗುಣ?”

ನನ್ನಲ್ಲಿ ಉತ್ತರವಿರಲಿಲ್ಲ. ತಿಳಿಯದೆಂದು ಹೇಳಿದ್ದರೆ ಸಾಕಾಗಿತ್ತು. ಆದರೆ ನೂರು ಜನರ ಎದುರು ಹಾಗೆ ಹೇಳಲು ನಾಲಿಗೆ ಏಳಲಿಲ್ಲ. “ದೊಡ್ಡವರ ಮಾತಿಗೆ ಎದುರಾಡಬಾರದಮ್ಮಾ, ಕುಳಿತುಕೋ” ಎಂದೆ. ಮಗು ಕುಳಿತಳು. ಆ ಬಳಿಕ ಪ್ಲಸ್ ಟು ಮುಗಿಯುವವರೆಗೂ ಆ ಮಗು ತರಗತಿಗೆ ಬರುತ್ತಿದ್ದಳು. ಆದರೆ ಯಾರನ್ನೂ ಏನನ್ನೂ ಕೇಳಲಿಲ್ಲ. ಅವಳನ್ನು ಕಂಡು ಉಳಿದ ಮಕ್ಕಳೂ ಕೇಳುವುದನ್ನು ಬಿಟ್ಟರು. ಈ ಸಂಗತಿ ನನ್ನನ್ನು ಬಹುಕಾಲ ಕಾಡಿತು. ನಿವೃತ್ತ ಉಪನ್ಯಾಸಕರೊಬ್ಬರ ನೆರವಿನಿಂದ ಎರಡು ವರ್ಷ ಓದಿದೆ. ಹಾಗೆ ಓದಿ ತಿಳಿದುದರ ಸಾರವೇ ಈ ಲೇಖನ.

ಸಾಂಖ್ಯವೆಂದರೇನು?

‘ಸಂಖ್ಯೆ’ ಎಂಬ ಪದದಿಂದ ಸಾಂಖ್ಯ. ಲೋಕದಲ್ಲಿ ಇರುವ ಮೂಲತತ್ತ್ವಗಳು ಎಷ್ಟೆಂದು ಎಣಿಸಿ, ವಿಂಗಡಿಸಿ ಹೇಳುವ ದರ್ಶನವಿದು. ಕಪಿಲ ಮಹರ್ಷಿಗಳನ್ನು ಇದರ ಪ್ರವರ್ತಕರೆಂದು ಹೇಳುತ್ತಾರೆ. ಇಂದು ನಮಗೆ ಸಿಗುವ ಹಳೆಯ ವ್ಯವಸ್ಥಿತ ಗ್ರಂಥವೆಂದರೆ ಈಶ್ವರಕೃಷ್ಣನ ಸಾಂಖ್ಯಕಾರಿಕೆ. ಎಪ್ಪತ್ತರ ಆಸುಪಾಸಿನ ಶ್ಲೋಕಗಳ ಈ ಚಿಕ್ಕ ಕೃತಿಯಲ್ಲಿ 25 ತತ್ತ್ವಗಳ ಲೆಕ್ಕವಿದೆ. ಪ್ರಕೃತಿ ಒಂದು, ಅದರಿಂದ ಮಹತ್ ಅಥವಾ ಬುದ್ಧಿ, ಅಹಂಕಾರ, ಮನಸ್ಸು, ಐದು ಜ್ಞಾನೇಂದ್ರಿಯಗಳು, ಐದು ಕರ್ಮೇಂದ್ರಿಯಗಳು, ಐದು ತನ್ಮಾತ್ರೆಗಳು, ಐದು ಮಹಾಭೂತಗಳು. ಇವೆಲ್ಲವೂ ಸೇರಿ 24. ಇಪ್ಪತ್ತೈದನೆಯದು ಪುರುಷ, ಅಂದರೆ ಚೇತನ. ಪುರುಷರು ಒಬ್ಬರಲ್ಲ, ಅನೇಕರು.

ಪ್ರಕೃತಿಯು ಜಡ, ಆದರೆ ಸದಾ ಕ್ರಿಯಾಶೀಲ. ಪುರುಷನು ಚೇತನ, ಆದರೆ ಏನನ್ನೂ ಮಾಡದ ಸಾಕ್ಷಿ. ಸತ್ತ್ವ, ರಜಸ್ಸು, ತಮಸ್ಸುಗಳು ಪ್ರಕೃತಿಗೆ ಅಂಟಿಕೊಂಡ ಗುಣಗಳಲ್ಲ. ಅವು ಕೂಡಿಯೇ ಪ್ರಕೃತಿ, ಹಗ್ಗದ ಮೂರು ಎಳೆಗಳಂತೆ. ಸತ್ತ್ವವು ಹಗುರವೂ ಬೆಳಗುವಂಥದೂ ಆದುದು. ರಜಸ್ಸು ಚಲಿಸುವ, ಪ್ರೇರಿಸುವ ಅಂಶ. ತಮಸ್ಸು ಭಾರವಾಗಿ ತಡೆಯುವ ಅಂಶ. ಮೂರೂ ಸಮವಾಗಿದ್ದಾಗ ಪ್ರಳಯ. ಸಮತೆ ಕದಡಿದಾಗ ಸೃಷ್ಟಿ.

ಸಾಂಖ್ಯದ ಇನ್ನೊಂದು ಮುಖ್ಯ ಸಿದ್ಧಾಂತ ಸತ್ಕಾರ್ಯವಾದ. ಕಾರ್ಯವು ಹುಟ್ಟುವ ಮೊದಲೇ ತನ್ನ ಕಾರಣದಲ್ಲಿ ಅಡಗಿರುತ್ತದೆ. ಇಲ್ಲದ್ದು ಹೊಸದಾಗಿ ಹುಟ್ಟುವುದಿಲ್ಲ, ಇರುವುದು ಪೂರ್ತಿ ಅಳಿಯುವುದಿಲ್ಲ. ಎಳ್ಳನ್ನು ಗಾಣಕ್ಕೆ ಹಾಕಿದರೆ ಎಣ್ಣೆ ಬರುತ್ತದೆ, ಮರಳನ್ನು ಹಾಕಿದರೆ ಬರುವುದಿಲ್ಲ ಎಂಬುದು ವ್ಯಾಖ್ಯಾನಕಾರರು ಕೊಡುವ ದೃಷ್ಟಾಂತ. ಅಂಗಡಿಯವರಿಗೆ ಇದು ಬೇಗನೆ ತಿಳಿಯುತ್ತದೆ. ಗೋದಾಮಿನಲ್ಲಿ ಇಲ್ಲದ ಸರಕು ಲಾರಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಖಾತೆಯಲ್ಲಿ ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಜಮಾ ಆಗಿರಲೇಬೇಕು.

ಇಲ್ಲಿ ಈಶ್ವರನಿಗೆ ಸ್ಥಾನವೆಲ್ಲಿ?

ಸಾಂಖ್ಯಕಾರಿಕೆಯ 25 ತತ್ತ್ವಗಳಲ್ಲಿ ಈಶ್ವರನ ಹೆಸರಿಲ್ಲ. ಮುಂದಿನ ಕಾಲದ ಸಾಂಖ್ಯಸೂತ್ರವಂತೂ ಈಶ್ವರನು ಪ್ರಮಾಣಗಳಿಂದ ಸಿದ್ಧನಾಗುವುದಿಲ್ಲವೆಂದು ವಾದಿಸುತ್ತದೆ. ಇದು ನಿರೀಶ್ವರ ಸಾಂಖ್ಯ. ಆದರೆ ಇದೇ ತತ್ತ್ವಗಳನ್ನು ಒಪ್ಪಿಕೊಂಡು, ಅವುಗಳ ಜೊತೆಗೆ ಈಶ್ವರನನ್ನೂ ಒಪ್ಪುವ ಪರಂಪರೆಯೊಂದಿದೆ. ಅದೇ ಸೇಶ್ವರ ಸಾಂಖ್ಯ. ಭಾಗವತದ ಮೂರನೆಯ ಸ್ಕಂಧದಲ್ಲಿ ಕಪಿಲನು ತಾಯಿಯಾದ ದೇವಹೂತಿಗೆ ಬೋಧಿಸುವುದು ಭಕ್ತಿಯಿಂದ ಕೂಡಿದ ಈ ಬಗೆಯ ಸಾಂಖ್ಯವನ್ನೇ. ಶಾಸ್ತ್ರದ ಕ್ರಮದಲ್ಲಿ ಸೇಶ್ವರ ಸಾಂಖ್ಯವೆಂದರೆ ಮುಖ್ಯವಾಗಿ ಪತಂಜಲಿಯ ಯೋಗದರ್ಶನ. 14ನೆಯ ಶತಮಾನದಲ್ಲಿ ವಿಜಯನಗರದ ಕಾಲದಲ್ಲಿ ಮಾಧವರು ರಚಿಸಿದ ಸರ್ವದರ್ಶನಸಂಗ್ರಹದಲ್ಲಿ ಪತಂಜಲಿಯ ಮತವನ್ನು ಸೇಶ್ವರ ಸಾಂಖ್ಯವೆಂದೇ ಪರಿಚಯಿಸಲಾಗಿದೆ. ಅದೇ ಗ್ರಂಥದಲ್ಲಿ ನಮ್ಮ ಆರ್ಹತ ದರ್ಶನಕ್ಕೂ ಒಂದು ಅಧ್ಯಾಯವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಬಂದ ವಿವಾದವನ್ನು ಬುಕ್ಕರಾಯನು 1368ರಲ್ಲಿ ಇತ್ಯರ್ಥಪಡಿಸಿದ ಶಾಸನವು ಶ್ರವಣಬೆಳಗೊಳದಲ್ಲಿರುವುದು ನಮಗೆಲ್ಲ ತಿಳಿದೇ ಇದೆ. ಪರರ ಮತವನ್ನು ಅವರ ಮಾತಿನಲ್ಲೇ ತಿಳಿಯುವ ಪ್ರಯತ್ನವೂ, ನೆರೆಹೊರೆಯ ಜಗಳವನ್ನು ನ್ಯಾಯದಿಂದ ತೀರಿಸುವ ಪ್ರಯತ್ನವೂ ಒಂದೇ ಶತಮಾನದಲ್ಲಿ, ಒಂದೇ ರಾಜ್ಯದಲ್ಲಿ ನಡೆದವು.

ಪತಂಜಲಿಯ ಈಶ್ವರನು ಲೋಕವನ್ನು ಶೂನ್ಯದಿಂದ ನಿರ್ಮಿಸುವವನಲ್ಲ. ಪ್ರಕೃತಿ ಅನಾದಿ, ಪುರುಷರು ಅನಾದಿ. ಇವರನ್ನು ಅವನು ಸೃಷ್ಟಿಸಿಲ್ಲ. ಅವನೂ ಒಬ್ಬ ಪುರುಷನೇ, ಆದರೆ ವಿಶೇಷ ಪುರುಷ. ಕ್ಲೇಶ, ಕರ್ಮ, ಕರ್ಮಫಲ, ವಾಸನೆಗಳು ಅವನನ್ನು ಯಾವ ಕಾಲಕ್ಕೂ ಮುಟ್ಟಿಲ್ಲ. ಹಾಗಾದರೆ ಅವನ ಕೆಲಸವೇನು? ಯೋಗಸೂತ್ರದ ನಾಲ್ಕನೆಯ ಪಾದದಲ್ಲಿ ರೈತನ ದೃಷ್ಟಾಂತವೊಂದು ಬರುತ್ತದೆ. ರೈತನು ನೀರನ್ನು ಕೈಯಿಂದ ತಳ್ಳುವುದಿಲ್ಲ. ಗದ್ದೆಯ ಬದುವನ್ನು ಕಡಿದು ದಾರಿ ಮಾಡಿಕೊಡುತ್ತಾನೆ, ನೀರು ತನ್ನ ಸ್ವಭಾವದಿಂದಲೇ ಹರಿಯುತ್ತದೆ. ಪ್ರಕೃತಿಯನ್ನು ಹೊರಗಿನ ನಿಮಿತ್ತಗಳು ತಳ್ಳುವುದಿಲ್ಲ, ಅಡ್ಡಿಯನ್ನು ಮಾತ್ರ ತೆಗೆಯುತ್ತವೆ ಎಂಬುದು ಅದರ ಅರ್ಥ. ಈಶ್ವರನ ವ್ಯಾಪಾರವೂ ಅಡ್ಡಿಯನ್ನು ನಿವಾರಿಸುವುದಷ್ಟೇ ಎಂದು ವ್ಯಾಖ್ಯಾನಕಾರರಾದ ವಾಚಸ್ಪತಿಮಿಶ್ರರು ವಿವರಿಸುತ್ತಾರೆ. ಕೆಲವರಪಳ್ಳಿ ಅಣೆಕಟ್ಟಿನ ಕಾಲುವೆಯಿಂದ ತೋಟಕ್ಕೆ ನೀರು ಹಾಯಿಸುವ ನಮ್ಮ ರೈತ ಗಿರಾಕಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಅಂಶವನ್ನು ನಾವು ಚೆನ್ನಾಗಿ ಗಮನಿಸಬೇಕು. ಈಶ್ವರನನ್ನು ಒಪ್ಪಿದ ಮೇಲೂ ಸೇಶ್ವರ ಸಾಂಖ್ಯವು ಮಳೆ ಏಕೆ ಬಂತು, ಬೀಜ ಏಕೆ ಮೊಳೆಯಿತು ಎಂಬ ಪ್ರಶ್ನೆಗಳಿಗೆ ‘ಈಶ್ವರನ ಇಚ್ಛೆ’ ಎಂದು ಹೇಳಿ ಮುಗಿಸುವುದಿಲ್ಲ. ಪ್ರಕೃತಿಯ ಕಾರ್ಯಕ್ಕೆ ಪ್ರಕೃತಿಯಲ್ಲೇ ಕಾರಣವನ್ನು ಹುಡುಕಬೇಕು ಎನ್ನುತ್ತದೆ. ಆಧುನಿಕ ವಿಜ್ಞಾನದೊಡನೆ ಅದಕ್ಕಿರುವ ನಿಜವಾದ ನೆಂಟಸ್ತಿಕೆ ಇಲ್ಲಿಂದ ಆರಂಭವಾಗುತ್ತದೆಂದು ನನಗೆ ತೋರುತ್ತದೆ.

ನಮ್ಮ ಆಚಾರ್ಯರು ಕಂಡ ಸಾಂಖ್ಯ

ನಮ್ಮ ಪುರಾಣಗಳ ಪ್ರಕಾರ ಸಾಂಖ್ಯಮತದ ಮೂಲವು ಭರತ ಚಕ್ರವರ್ತಿಯ ಮಗನಾದ ಮರೀಚಿಯವರೆಗೆ ಹೋಗುತ್ತದೆ. ಋಷಭದೇವರೊಡನೆ ದೀಕ್ಷೆ ಪಡೆದು, ಕಷ್ಟವನ್ನು ತಾಳಲಾರದೆ ಜಾರಿ, ಬೇರೆ ಮಾರ್ಗವನ್ನು ಬೋಧಿಸಿದವನು ಅವನು. ಶ್ವೇತಾಂಬರ ಪರಂಪರೆಯಲ್ಲಿ ಕಪಿಲನು ಮರೀಚಿಯ ಶಿಷ್ಯ. ಇದು ಖಂಡನೆಯ ಕಥೆಯೆಂಬುದು ನಿಜ. ಆದರೆ ಆ ಮರೀಚಿಯ ಜೀವವೇ ಅನೇಕ ಭವಗಳ ಅನಂತರ ಭಗವಾನ್ ಮಹಾವೀರರಾಗಿ ಜನಿಸಿತೆಂದು ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳು ಹೇಳುತ್ತವೆ. ತಪ್ಪಿದವನೆಂದು ನಾವು ಹೇಳುವವನನ್ನೇ ತೀರ್ಥಂಕರರ ಪೂರ್ವಭವವೆಂದು ನಮಸ್ಕರಿಸುವ ಕಥೆಯಿದು.

ಹರಿಭದ್ರಸೂರಿಗಳು ಷಡ್ದರ್ಶನಸಮುಚ್ಚಯದಲ್ಲಿ ಸಾಂಖ್ಯರಲ್ಲಿ ನಿರೀಶ್ವರರೂ ಇದ್ದಾರೆ, ಈಶ್ವರನನ್ನು ದೇವತೆಯಾಗಿ ಉಳ್ಳವರೂ ಇದ್ದಾರೆಂದು ಎರಡು ಬಗೆಗಳನ್ನು ಗುರುತಿಸಿದರು. ಲೋಕತತ್ತ್ವನಿರ್ಣಯದಲ್ಲಿ ಅವರು ಮಹಾವೀರರ ಕಡೆಗೆ ಪಕ್ಷಪಾತವನ್ನೂ, ಕಪಿಲಾದಿಗಳ ಕಡೆಗೆ ದ್ವೇಷವನ್ನೂ ಒಟ್ಟಿಗೆ ಬದಿಗಿಟ್ಟು, ಯಾರ ಮಾತು ಯುಕ್ತಿಯುಕ್ತವೋ ಅದನ್ನೇ ಸ್ವೀಕರಿಸಬೇಕೆಂಬ ನಿಲುವನ್ನು ತಾಳಿದರು. ಗಂಗರ ಕಾಲದ ಆಚಾರ್ಯ ವಿದ್ಯಾನಂದರು ಆಪ್ತಪರೀಕ್ಷೆಯಲ್ಲಿ ಈಶ್ವರನನ್ನೂ ಕಪಿಲನನ್ನೂ ಸುಗತನನ್ನೂ ಒಬ್ಬೊಬ್ಬರಾಗಿ ಪರೀಕ್ಷೆಗೆ ಒಡ್ಡಿದರು. ಎಂದೂ ಬಂಧವೇ ಇರದಿದ್ದ ಸದಾಮುಕ್ತ ಈಶ್ವರನು ಹೇಗೆ ಸಾಧ್ಯವೆಂಬುದು ಅವರ ಪ್ರಶ್ನೆ. ನಮ್ಮಲ್ಲಿ ಪರಮಾತ್ಮನೆಂದರೆ ಬಂಧವನ್ನು ಸಾಧನೆಯಿಂದ ಕಳೆದುಕೊಂಡವನು. ಯೋಗದಲ್ಲಿ ಈಶ್ವರನು ಬಂಧವನ್ನೇ ಅರಿಯದವನು. ಅವರ ಪುರುಷನು ಎಂದಿಗೂ ಪರಿಣಾಮ ಹೊಂದದ ಸಾಕ್ಷಿ. ನಮ್ಮ ಜೀವನು ಕರ್ತನೂ ಭೋಕ್ತನೂ ಹೌದು. ವ್ಯತ್ಯಾಸ ಇಷ್ಟು ಸ್ಪಷ್ಟವಿದ್ದರೂ ನಮ್ಮ ಉಪಾಧ್ಯಾಯ ಯಶೋವಿಜಯರು 17ನೆಯ ಶತಮಾನದಲ್ಲಿ ಯೋಗಸೂತ್ರಕ್ಕೆ ವ್ಯಾಖ್ಯಾನ ಬರೆದರು. ಈ ಆಚಾರ್ಯರು ಪರಮತವನ್ನು ಪೂರ್ತಿ ಓದಿ, ಅದರ ವಾದವನ್ನು ಸರಿಯಾಗಿ ನಿರೂಪಿಸಿದ ಬಳಿಕವೇ ತಮ್ಮ ಅಭಿಪ್ರಾಯ ಹೇಳಿದವರು. ನಾನು ಒಂದು ಕಿರುಹೊತ್ತಗೆಯನ್ನು ಓದಿ ಮಕ್ಕಳ ಮುಂದೆ ನಿಂತಿದ್ದೆ.

ಮೈಸೂರಿನ ಉಪಕುಲಪತಿಗಳ ಪ್ರಯತ್ನ

ಸೇಶ್ವರ ಸಾಂಖ್ಯವನ್ನು ವಿಜ್ಞಾನದ ಜೊತೆಗಿಟ್ಟು ಗಂಭೀರವಾಗಿ ಪರಿಶೀಲಿಸಿದ ವಿದ್ವಾಂಸರೊಬ್ಬರು ಕನ್ನಡ ನಾಡಿನ ವಿದ್ಯಾಭ್ಯಾಸಕ್ಕೂ ಸೇವೆ ಸಲ್ಲಿಸಿದವರು. ಅವರು ಬಂಗಾಳದ ಸರ್ ಬ್ರಜೇಂದ್ರನಾಥ ಸೀಲ್ (1864–1938). 1920ರ ದಶಕದಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಅದಕ್ಕೂ ಮೊದಲೇ, ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯ್ ಅವರು ಬರೆದ ಹಿಂದೂ ರಸಾಯನಶಾಸ್ತ್ರದ ಇತಿಹಾಸದ ಎರಡನೆಯ ಸಂಪುಟಕ್ಕೆ (1909) ಪ್ರಾಚೀನರ ಭೌತ–ರಾಸಾಯನಿಕ ಸಿದ್ಧಾಂತಗಳನ್ನು ಕುರಿತು ಬರೆದುಕೊಟ್ಟಿದ್ದರು. 1915ರಲ್ಲಿ ಪ್ರಾಚೀನ ಹಿಂದೂಗಳ ವಿಜ್ಞಾನಗಳನ್ನು ಕುರಿತ ಅವರ ಸ್ವತಂತ್ರ ಗ್ರಂಥವು ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಸೀಲರು ಆರಿಸಿಕೊಂಡದ್ದು ಸಾಂಖ್ಯ–ಪಾತಂಜಲ ವ್ಯವಸ್ಥೆಯನ್ನು. ಅವರು ರಜಸ್ಸನ್ನು ಶಕ್ತಿಯೆಂದೂ, ತಮಸ್ಸನ್ನು ದ್ರವ್ಯರಾಶಿ ಅಥವಾ ಜಡತ್ವವೆಂದೂ, ಸತ್ತ್ವವನ್ನು ಬುದ್ಧಿಯಲ್ಲಿ ಪ್ರಕಾಶಿಸುವ ಸಾರಾಂಶವೆಂದೂ ವಿವರಿಸಿದರು. ಗುಣಗಳು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ, ರೂಪ ಬದಲಿಸುತ್ತವೆ ಎಂಬಲ್ಲಿ ಶಕ್ತಿಯ ಸಂರಕ್ಷಣೆಯ ಹೋಲಿಕೆಯನ್ನು ಕಂಡರು. ಅದೇ ಗ್ರಂಥದಲ್ಲಿ ಸ್ನಿಗ್ಧ–ರೂಕ್ಷ ಗುಣಗಳಿಂದ ಪರಮಾಣುಗಳು ಬೆಸೆಯುತ್ತವೆಂಬ ನಮ್ಮ ಜೈನ ಪುದ್ಗಲ ವಿಚಾರವನ್ನೂ ಆದರದಿಂದ ವಿವರಿಸಿದ್ದಾರೆ.

ಸೀಲರ ಪಾಂಡಿತ್ಯದ ಮುಂದೆ ನಾನು ಕೈಮುಗಿಯುತ್ತೇನೆ. ಆದರೂ ಒಂದು ವಿಷಯವನ್ನು ಗಮನಿಸಬೇಕು. 1915ರಲ್ಲಿ ಅವರು ಶಕ್ತಿ ಮತ್ತು ದ್ರವ್ಯರಾಶಿಯ ಭಾಷೆಯಲ್ಲಿ ಗುಣಗಳನ್ನು ವಿವರಿಸಿದರು. ಅದು ಅಂದಿನ ವಿಜ್ಞಾನದ ಭಾಷೆ. ನ್ಯೂಟ್ರಾನ್ ಪತ್ತೆಯಾದದ್ದು 1932ರಲ್ಲಿ. ಅದಾದ ಮೇಲೆ ಪರಮಾಣುವಿನಲ್ಲಿ ಮೂರು ಕಣಗಳಿವೆಯೆಂದು ತಿಳಿದು, ಗುಣಗಳೂ ಮೂರೇ ಎಂದು ಸಂಭ್ರಮಿಸಿದ ಕಿರುಹೊತ್ತಗೆಗಳು ಬಂದವು. 1964ರಲ್ಲಿ ಪ್ರೋಟಾನು ಸಹ ಕ್ವಾರ್ಕುಗಳೆಂಬ ಇನ್ನೂ ಸೂಕ್ಷ್ಮ ಕಣಗಳಿಂದ ಆದುದೆಂಬ ಸಿದ್ಧಾಂತ ಬಂದು, ಮುಂದೆ ಪ್ರಯೋಗದಿಂದ ದೃಢಪಟ್ಟಿತು. ವಿಜ್ಞಾನವು ಬದಲಾದಂತೆಲ್ಲ ನಾವು ಗುಣಗಳ ಅರ್ಥವನ್ನೂ ಬದಲಾಯಿಸುತ್ತಾ ಹೋದರೆ, ಸಾಂಖ್ಯವು ಏನನ್ನು ಹೇಳಿತು ಎಂಬುದೇ ನಮಗೆ ಮರೆತುಹೋಗುತ್ತದೆ.

ಮಹನೀಯರಿಗೂ ಇಂಥ ಆಶೆ ಇದ್ದುದುಂಟು. 1896ರಲ್ಲಿ ಸ್ವಾಮಿ ವಿವೇಕಾನಂದರು ಅಮೆರಿಕದಲ್ಲಿ ನಿಕೋಲಾ ಟೆಸ್ಲಾ ಅವರನ್ನು ಕಂಡು ಆಕಾಶ, ಪ್ರಾಣ, ಕಲ್ಪಗಳ ವಿಚಾರವನ್ನು ಮಾತನಾಡಿದರು. ದ್ರವ್ಯ, ಶಕ್ತಿ ಎರಡರ ಮೂಲವೂ ಒಂದೇ ಎಂದು ಟೆಸ್ಲಾ ಗಣಿತದಿಂದ ತೋರಿಸಬಲ್ಲರೆಂದು ಸ್ವಾಮಿಗಳು ಪತ್ರವೊಂದರಲ್ಲಿ ಭರವಸೆಯಿಂದ ಬರೆದರು. ಟೆಸ್ಲಾ ಅದನ್ನು ತೋರಿಸಲಿಲ್ಲ. 1905ರಲ್ಲಿ ಐನ್‌ಸ್ಟೀನ್ ಅವರು ಬೇರೊಂದು ದಾರಿಯಿಂದ ದ್ರವ್ಯರಾಶಿ ಮತ್ತು ಶಕ್ತಿಯ ಸಂಬಂಧವನ್ನು ಸ್ಥಾಪಿಸಿದರು. ಇದರಿಂದ ಸ್ವಾಮಿಗಳ ಹಿರಿಮೆ ಕುಂದುವುದಿಲ್ಲ. ವೇದಾಂತ ನಿಂತಿರುವುದು ಟೆಸ್ಲಾ ಅವರ ಗಣಿತದ ಮೇಲಲ್ಲವಾದ್ದರಿಂದ ವೇದಾಂತಕ್ಕೂ ಹಾನಿಯಾಗಲಿಲ್ಲ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬೋಧಿಸಿದ ಪ್ರೊ. ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟವಾದ ತಮ್ಮ ಭಾರತೀಯ ತತ್ತ್ವಶಾಸ್ತ್ರದ ಗ್ರಂಥದಲ್ಲಿ ಸಾಂಖ್ಯ–ಯೋಗಗಳನ್ನು ಒಂದೇ ಅಧ್ಯಾಯದಲ್ಲಿ ವಿವರಿಸಿದ್ದಾರೆ. ಒಂದು ದರ್ಶನವನ್ನು ಅದರದೇ ಮಾತಿನಲ್ಲಿ ಶಾಂತವಾಗಿ ತಿಳಿಯುವುದು ಹೇಗೆಂಬುದನ್ನು ನಾನು ಕಲಿತದ್ದು ಆ ಪುಟಗಳನ್ನು ಉಪನ್ಯಾಸಕರು ಓದಿ ಅರ್ಥ ಹೇಳಿದಾಗ.

ಕೋಲಾರದ ಗಣಿಯ ಆಳದಲ್ಲಿ

ವಿಜ್ಞಾನವು ತನ್ನ ಮಾತನ್ನು ಹೇಗೆ ಪರೀಕ್ಷಿಸುತ್ತದೆಂದು ತಿಳಿಯಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಹೊಸೂರಿನಿಂದ ಒಂದು ಹಗಲಿನಲ್ಲಿ ಹೋಗಿಬರಬಹುದಾದ ಕೋಲಾರ ಚಿನ್ನದ ಗಣಿ ಇದೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಆ ಊರಿನೊಡನೆ ನೆಂಟಸ್ತಿಕೆಯುಂಟು. ಗಣಿ 2001ರಲ್ಲಿ ಮುಚ್ಚಿತು. ಆದರೆ ಅಲ್ಲಿ ಚಿನ್ನದ ಜೊತೆಗೆ ಬೇರೊಂದನ್ನೂ ಹುಡುಕುತ್ತಿದ್ದರೆಂಬುದು ಹಲವರಿಗೆ ತಿಳಿಯದು. ಭೂಮಿಯ ಮೇಲ್ಮೈಯಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ ಉಪಕರಣಗಳನ್ನಿಟ್ಟು, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಕುರುಹನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಗಣಿಯಲ್ಲಿಯೂ ಇದು ಕಂಡಿತು. ಜಗತ್ತಿನಲ್ಲಿಯೇ ಇವು ಮೊದಲನೆಯವು. ನಾನು ಕೂರಿಸಿಬಿಟ್ಟ ಹುಡುಗಿ ಕೇಳಿದ ‘ನಾಲ್ಕನೆಯದು’ ಇದೇ ನ್ಯೂಟ್ರಿನೋ.

1980ರ ದಶಕದಲ್ಲಿ ಅಲ್ಲಿ ಇನ್ನೂ ದೊಡ್ಡ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡರು. ಪ್ರೋಟಾನ್ ಎಂದಾದರೂ ಅಳಿಯುತ್ತದೆಯೇ? ಲೋಕದ ದ್ರವ್ಯವೆಲ್ಲ ಶಾಶ್ವತವೇ, ಅಥವಾ ಅದಕ್ಕೂ ಆಯುಸ್ಸಿದೆಯೇ? ಸುಮಾರು 140 ಟನ್ ತೂಕದ ಕಬ್ಬಿಣದ ಉಪಕರಣವನ್ನು ಆ ಆಳದಲ್ಲಿ ನಿಲ್ಲಿಸಿ ವರ್ಷಗಟ್ಟಲೆ ಕಾದರು. ಕೆಲವು ಘಟನೆಗಳು ಪ್ರೋಟಾನಿನ ಅಳಿವಿನಂತೆ ಕಂಡವು, ಅವನ್ನು ಪ್ರಕಟಿಸಿದರು. ಅಮೆರಿಕ ಮತ್ತು ಜಪಾನಿನಲ್ಲಿ ಇನ್ನೂ ದೊಡ್ಡ ಉಪಕರಣಗಳಿಂದ ನೋಡಿದವರಿಗೆ ಅದು ಕಾಣಲಿಲ್ಲ. ಆದುದರಿಂದ ಆ ಫಲಿತಾಂಶ ಅಂಗೀಕೃತವಾಗಲಿಲ್ಲ. ಪ್ರೋಟಾನ್ ಅಳಿಯುವುದೇ ಆದರೆ ಅದರ ಆಯುಸ್ಸು ಒಂದರ ಮುಂದೆ 34 ಸೊನ್ನೆಗಳನ್ನು ಬರೆದಷ್ಟು ವರ್ಷಗಳಿಗೂ ಹೆಚ್ಚಿರಬೇಕೆಂದು ಜಪಾನಿನ ಪ್ರಯೋಗಗಳು ಇಂದು ಹೇಳುತ್ತವೆ.

ಈ ಕಥೆ ನನಗೆ ಬಹಳ ಹಿಡಿಸಿತು. ನಾವು ಒಂದು ಲಾರಿ ಹುಣಸೆಹಣ್ಣನ್ನು ಕಳುಹಿಸುವಾಗ ನಮ್ಮ ವೇಬ್ರಿಡ್ಜಿನಲ್ಲಿ ತೂಗುತ್ತೇವೆ. ಕೊಳ್ಳುವವನು ತನ್ನ ಕಡೆಯ ವೇಬ್ರಿಡ್ಜಿನಲ್ಲಿ ಮತ್ತೆ ತೂಗುತ್ತಾನೆ. ಎರಡೂ ಸರಿಹೋದರೆ ಬಿಲ್ಲು ಪಾಸಾಗುತ್ತದೆ. ಇದರಿಂದ ನಮಗೆ ಅವಮಾನವಾಯಿತೆಂದು ಯಾರೂ ಭಾವಿಸುವುದಿಲ್ಲ. ಕೋಲಾರದ ವಿಜ್ಞಾನಿಗಳಿಗೂ ಅವಮಾನವಾಗಲಿಲ್ಲ. ಅವರ ಕಷ್ಟ, ಅವರ ಧೈರ್ಯ ಇಂದಿಗೂ ಗೌರವಕ್ಕೆ ಪಾತ್ರವಾಗಿವೆ.

ಹೊಂದುವುದೆಲ್ಲಿ, ಹೊಂದದಿರುವುದೆಲ್ಲಿ?

ಹೊಂದುವುದು ಮೊದಲನೆಯದಾಗಿ ಸತ್ಕಾರ್ಯವಾದದ ಮನೋಭಾವದಲ್ಲಿ. ಶೂನ್ಯದಿಂದ ಏನೂ ಬಾರದೆಂಬ ನಂಬಿಕೆಯಿಂದ ಹೊರಟವನಿಗೆ, ಕಾಣೆಯಾದದ್ದು ಎಲ್ಲಿ ಹೋಯಿತೆಂದು ಹುಡುಕುವ ಬುದ್ಧಿ ಬರುತ್ತದೆ. ಆದರೆ 1789ರಲ್ಲಿ ಲವಾಸಿಯೆ ಅವರು ಮುಚ್ಚಿದ ಪಾತ್ರೆಯಲ್ಲಿ ತೂಗಿ, 1840ರ ದಶಕದಲ್ಲಿ ಮೇಯರ್, ಜೌಲ್, ಹೆಲ್ಮ್‌ಹೋಲ್ಟ್ಸ್ ಅವರು ಉಷ್ಣ ಮತ್ತು ಶ್ರಮಗಳನ್ನು ಅಳೆದು ಹೇಳಿದ್ದು ಅಂಕಿಗಳ ಸಮೇತ. ಸಾಂಖ್ಯದಲ್ಲಿ ಅಂಥ ಅಳತೆಯಿಲ್ಲ, ಅದರ ಉದ್ದೇಶವೂ ಅದಲ್ಲ. ದುಃಖದಿಂದ ಬಿಡುಗಡೆ ಹೇಗೆಂಬ ಪ್ರಶ್ನೆಯಿಂದಲೇ ಸಾಂಖ್ಯಕಾರಿಕೆ ಆರಂಭವಾಗುತ್ತದೆ.

ಹೊಂದದಿರುವ ಒಂದು ಸ್ಥಳವನ್ನೂ ಹೇಳಬೇಕು. ಸಾಂಖ್ಯದಲ್ಲಿ ಗುಣಗಳ ಸಮತೆಯು ಸೃಷ್ಟಿಗೆ ಹಿಂದಿನ ಸ್ಥಿತಿ. ಅದು ಕದಡಿದರೆ ಲೋಕ ಅರಳುತ್ತದೆ. ಉಷ್ಣಶಾಸ್ತ್ರದಲ್ಲಿ ಸಮತೆಯೆಂದರೆ ಎಲ್ಲ ವ್ಯತ್ಯಾಸಗಳೂ ಅಳಿದು, ಯಾವ ಕೆಲಸವೂ ನಡೆಯದೆ ನಿಲ್ಲುವ ಕೊನೆಯ ಸ್ಥಿತಿ. ಒಂದೇ ಪದವೆಂದು ಎರಡನ್ನೂ ಒಂದೇ ಮೂಟೆಗೆ ತುಂಬಬಾರದು.

ಇನ್ನು ಇಂದಿಗೂ ಬಹಳ ಉಪಯುಕ್ತವೆಂದು ನನಗೆ ತೋರುವ ವಿಚಾರ ಒಂದಿದೆ. ಸಾಂಖ್ಯದ ಪ್ರಕಾರ ಬುದ್ಧಿ, ಅಹಂಕಾರ, ಮನಸ್ಸುಗಳೂ ಪ್ರಕೃತಿಯ ವಿಕಾರಗಳೇ, ಅವೂ ಜಡವೇ. ಲೆಕ್ಕ ಮಾಡುವುದು, ನಿರ್ಧರಿಸುವುದು, ನೆನಪಿಡುವುದು ಇವೆಲ್ಲ ಜಡದ ಕೆಲಸಗಳು. ಅವನ್ನು ಅರಿಯುವ ಸಾಕ್ಷಿಯೇ ಬೇರೆ. ನಮ್ಮ ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುತ್ತಾ, ಪತ್ರ ಬರೆಯುವ, ಚಿತ್ರ ಬಿಡಿಸುವ, ಪ್ರಶ್ನೆಗೆ ಉತ್ತರ ಹೇಳುವ ಯಂತ್ರಗಳನ್ನು ಇಂದು ನಮಗೆ ತೋರಿಸುತ್ತಿದ್ದಾರೆ. ಈ ಯಂತ್ರಕ್ಕೆ ಪ್ರಾಣವಿದೆಯೇ ಎಂದು ಹಿರಿಯರು ಬೆರಗಾಗುತ್ತಾರೆ. ಸಾಂಖ್ಯನು ಬೆರಗಾಗುತ್ತಿರಲಿಲ್ಲ. ಬುದ್ಧಿಯ ಕೆಲಸವನ್ನು ಜಡವು ಮಾಡಬಲ್ಲದು, ಆದರೆ ಅದನ್ನು ಅನುಭವಿಸುವವನಿದ್ದಾನೆಯೇ ಎಂದು ಕೇಳುತ್ತಿದ್ದನು. ಮೆದುಳಿನಲ್ಲಿ ನಡೆಯುವ ಕ್ರಿಯೆಗಳ ಜೊತೆಗೆ ಅನುಭವವೆಂಬುದು ಏಕೆ ಇದೆಯೆಂಬುದನ್ನು 1995ರಲ್ಲಿ ತತ್ತ್ವಜ್ಞ ಡೇವಿಡ್ ಚಾಮರ್ಸ್ ಅವರು ‘ಕಠಿಣ ಸಮಸ್ಯೆ’ ಎಂದು ಹೆಸರಿಸಿದರು. ಅದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಬಂದಿಲ್ಲ.

ಕೋಲಾರದ ಗಣಿಯ ಪ್ರಯೋಗಗಳಲ್ಲಿ ದುಡಿದ ನಂಜನಗೂಡಿನ ಪ್ರೊ. ಬಿ. ವಿ. ಶ್ರೀಕಂಠನ್ ಅವರು (1925–2019) ತಮ್ಮ ಇಳಿವಯಸ್ಸಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ವಿಜ್ಞಾನ ಮತ್ತು ಚೈತನ್ಯದ ಪ್ರಶ್ನೆಯನ್ನೇ ಕುರಿತು ಚಿಂತನೆ ನಡೆಸಿದರು. ಕಣವನ್ನು ಅಳೆದವರೇ ಅಳೆಯುವವನು ಯಾರೆಂಬ ಪ್ರಶ್ನೆಗೆ ಬಂದರು. ಇದು ಸಾಂಖ್ಯಕ್ಕೆ ದೊರೆತ ಪ್ರಮಾಣಪತ್ರವೆಂದು ನಾನು ಹೇಳುವುದಿಲ್ಲ. ಏನನ್ನೂ ಮಾಡದ ಪುರುಷನಿಗೂ ಸದಾ ಮಾಡುವ ಪ್ರಕೃತಿಗೂ ಸಂಬಂಧ ಹೇಗೆಂಬ ಆಕ್ಷೇಪವನ್ನು ನಮ್ಮ ಆಚಾರ್ಯರೇ ಎತ್ತಿದ್ದಾರೆ. ಅದು ಇನ್ನೂ ಇದ್ದಲ್ಲೇ ಇದೆ. ಪ್ರಶ್ನೆಯನ್ನು ಇಷ್ಟು ನಿಖರವಾಗಿ ಎರಡು ಭಾಗ ಮಾಡಿ ಇಟ್ಟ ಗೌರವವಂತೂ ಸಾಂಖ್ಯಕ್ಕೆ ಸಲ್ಲಬೇಕು.

ತಕ್ಕಡಿಯ ನೀತಿ

ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತದ ಅತಿಚಾರಗಳನ್ನು ಹೇಳುವಾಗ ಹೀನಾಧಿಕ ಮಾನೋನ್ಮಾನವನ್ನೂ, ಪ್ರತಿರೂಪಕ ವ್ಯವಹಾರವನ್ನೂ ಸೇರಿಸಲಾಗಿದೆ. ತೂಕ–ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಸರಕಿಗೆ ಅದರಂತೆಯೇ ಕಾಣುವ ಕೀಳು ಸರಕನ್ನು ಬೆರೆಸುವುದು ಇವೆರಡೂ ಕಳವಿಗೆ ಸಮಾನವಾದ ದೋಷಗಳು. ತಂದೆಯವರು ನನ್ನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದ ದಿನವೇ ಇದನ್ನು ಹೇಳಿಕೊಟ್ಟಿದ್ದರು. ಪ್ರತಿವರ್ಷ ತೂಕ–ಅಳತೆ ಇಲಾಖೆಯವರ ಮುದ್ರೆ ಹಾಕಿಸದೆ ನಾನು ತಕ್ಕಡಿಯನ್ನು ಬಳಸಿದವನಲ್ಲ. ಬೆಲ್ಲದಲ್ಲಿ ಒಂದು ಹಿಡಿ ಕಲಬೆರಕೆಯನ್ನು ಸಹಿಸದ ನಾನು, ಶಾಸ್ತ್ರದ ಹೆಸರಿನಲ್ಲಿ ವಿಜ್ಞಾನದಂತೆ ಕಾಣುವ ಮಾತನ್ನು ಬೆರೆಸಿ ಮಕ್ಕಳಿಗೆ ಕೊಟ್ಟೆ. ಕಡಿಮೆ ತೂಗುವುದು ಪಾಪವೆಂದು ಬಲ್ಲ ನನಗೆ, ನಮ್ಮವರೆಂಬ ಅಭಿಮಾನದಿಂದ ಹೆಚ್ಚು ತೂಗುವುದೂ ದೋಷವೆಂದು ತಿಳಿದಿರಲಿಲ್ಲ.

ಹಾನಿ ಯಾರಿಗಾಯಿತು? ಕಪಿಲ ಮಹರ್ಷಿಗಳಿಗೂ ಆಗಲಿಲ್ಲ, ವಿಜ್ಞಾನಕ್ಕೂ ಆಗಲಿಲ್ಲ. ಹಾನಿಯಾದದ್ದು ಕೇಳಲು ಎದ್ದು ನಿಂತ ಮಗುವಿಗೆ. ಶಾಲೆಯ ಪಾಠದಲ್ಲಿ ತಪ್ಪೆಂದು ತಿಳಿದ ಮಾತನ್ನು ದೇವಾಲಯದಲ್ಲಿ ಸರಿಯೆಂದು ಒಪ್ಪಬೇಕಾಗಿ ಬಂದರೆ, ಮಕ್ಕಳು ಎರಡರಲ್ಲಿ ಒಂದನ್ನು ಬಿಡುತ್ತಾರೆ. ಅವರು ಬಿಡುವುದು ಶಾಲೆಯ ಪಾಠವನ್ನಲ್ಲ ಎಂಬುದು ನಮಗೆಲ್ಲ ಗೊತ್ತಿದೆ. ಹಾಗೆ ಬಿಟ್ಟಾಗ ಶಾಸ್ತ್ರದಲ್ಲಿರುವ ನಿಜವಾದ ಬೆಲೆಯ ವಸ್ತುವೂ ಅವರ ಕೈತಪ್ಪುತ್ತದೆ.

ಕಳೆದ ಕ್ಷಮಾವಣಿಯ ದಿನ ನಾನು ಆ ಹುಡುಗಿಗೆ ಫೋನ್ ಮಾಡಿದೆ. ಈಗ ಅವಳು ಬೇರೆ ಊರಿನಲ್ಲಿ ಭೌತಶಾಸ್ತ್ರವನ್ನೇ ಓದುತ್ತಿದ್ದಾಳೆ. ಆ ದಿನ ನಾನು ಹೇಳಿದ್ದು ತಪ್ಪಾಗಿತ್ತು, ನಿನ್ನನ್ನು ಕುಳ್ಳಿರಿಸಿದ್ದು ಅದಕ್ಕಿಂತ ದೊಡ್ಡ ತಪ್ಪು, ಕ್ಷಮಿಸಮ್ಮಾ ಎಂದೆ. ಸ್ವಲ್ಪ ಹೊತ್ತು ಅವಳು ಮಾತನಾಡಲಿಲ್ಲ. ಅನಂತರ, “ಸಾಂಖ್ಯದಲ್ಲಿ ನಿಜವಾಗಿ ಏನು ಹೇಳಿದ್ದಾರೆ ತಾತಾ?” ಎಂದು ಕೇಳಿದಳು. ನನಗೆ ತಿಳಿದಷ್ಟನ್ನು ಹೇಳಿದೆ. ತಿಳಿಯದಿದ್ದ ಕಡೆ ತಿಳಿಯದೆಂದೇ ಹೇಳಿದೆ. ಮುಕ್ಕಾಲು ಗಂಟೆ ಮಾತಾಯಿತು.

ಈ ವರ್ಷದ ಉತ್ಸವದಲ್ಲಿಯೂ ಮಕ್ಕಳ ಸಂಜೆಯ ತರಗತಿ ನಡೆಯಲಿದೆ. ಹಿರಿಯರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಮಕ್ಕಳು ಕೇಳಲಿ, ನಾವು ಕೂರಿಸದಿರೋಣ. ಈ ಬರಹದಲ್ಲಿ ಶಾಸ್ತ್ರದ ವಿಷಯದಲ್ಲಾಗಲಿ ವಿಜ್ಞಾನದ ವಿಷಯದಲ್ಲಾಗಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕು. ಯಾರ ಮನಸ್ಸಿಗಾದರೂ ನೋವಾಗಿದ್ದರೆ ಮಿಚ್ಛಾ ಮಿ ದುಕ್ಕಡಂ.

ಜೈ ಜಿನೇಂದ್ರ.